ಕತ್ರಿಗುಪ್ಪೆಯಿಂದ ಬೈರಮಂಗಲಕ್ಕೆ: ನಗರದಂಚಿನ ಜಿಲ್ಲೆಯೊಂದರ ಜಲಸಂಬಂಧ

ಕತ್ರಿಗುಪ್ಪೆಯ ಹಳೆಯ ಜಮೀನು ಪತ್ರಗಳಲ್ಲಿರುವುದು ‘ಉತ್ತರಹಳ್ಳಿ ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು’ ಎಂಬ ವಿಳಾಸ. ಆ ಹಳ್ಳಿ ಬನಶಂಕರಿ 3ನೇ ಹಂತದ ಬಡಾವಣೆಗಳಲ್ಲಿ ಕರಗಿತು. ಗ್ರಾಮಾಂತರ ನೈಋತ್ಯಕ್ಕೆ ಹಿಂದೆ ಸರಿಯಿತು. ಆಡಳಿತದ ಗೆರೆಗಳೂ ನಿಂತಲ್ಲಿ ನಿಲ್ಲಲಿಲ್ಲ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಯಿತು, 2007ರಲ್ಲಿ ಅದರಿಂದ ರಾಮನಗರ ಬೇರ್ಪಟ್ಟಿತು, 2025ರಲ್ಲಿ ಅದಕ್ಕೇ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. 2011ರ ಜನಗಣತಿಯಲ್ಲಿ ಸುಮಾರು 10.8 ಲಕ್ಷ ಜನರಿದ್ದ ಈ ಜಿಲ್ಲೆಯ ಪರಿಚಯವನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಬೊಂಬೆ, ಮಾಗಡಿಯ ಕೆಂಪೇಗೌಡರಿಂದ ಆರಂಭಿಸುವುದು ವಾಡಿಕೆ. ಆದರೆ ನಗರಕ್ಕೂ ಜಿಲ್ಲೆಗೂ ಇರುವ ನಂಟನ್ನು ಅರಿಯಲು ನೀರಿನ ಜಾಡನ್ನೇ ಹಿಡಿಯಬೇಕು ಎಂಬುದು ಈ ಲೇಖನದ ವಾದ.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಅದರ ಪೂರ್ವದ ನೀರು ದಕ್ಷಿಣ ಪಿನಾಕಿನಿಗೆ, ಪಶ್ಚಿಮದ್ದು ಅರ್ಕಾವತಿಗೆ ಇಳಿಯುತ್ತದೆ. ಕತ್ರಿಗುಪ್ಪೆಯ ರಾಜಕಾಲುವೆ ವೃಷಭಾವತಿಯನ್ನು ಸೇರಿ, ಬಿಡದಿ ಹೋಬಳಿಯ ಬೈರಮಂಗಲ ಕೆರೆಯನ್ನು ಹಾದು, ಅರ್ಕಾವತಿಯ ಮೂಲಕ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಕುಡಿಯುವ ನೀರಿನದು ಇದಕ್ಕೆ ಎದುರು ದಾರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಕಾವೇರಿ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಮಾಡಿ, ಸುಮಾರು 100 ಕಿ.ಮೀ. ದೂರದ ನಗರಕ್ಕೆ ಏರಿಸುತ್ತಾರೆ. 1974ರಲ್ಲಿ ಈ ಯೋಜನೆಯ ಮೊದಲ ಹಂತ ಬಂತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ 5ನೇ ಹಂತದ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಮನೆಗೆ ಬಂದ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳ ವಾಡಿಕೆಯ ಲೆಕ್ಕ. ಹಾಗಾಗಿ ನಗರದ ದಾಹ ತಣಿಸುವ ಪ್ರತಿ ಯೋಜನೆಯೂ ಕೆಳಗಿನ ಹಳ್ಳಿಗಳಿಗೆ ಹರಿಯುವ ಕೊಳಚೆಯನ್ನು ಹೆಚ್ಚಿಸುತ್ತದೆ. ಯೋಜನೆಯ ವೆಚ್ಚದಲ್ಲಿ ಇದನ್ನೂ ಸೇರಿಸದಿದ್ದರೆ ಅದು ಅನ್ಯಾಯ.

ಬೈರಮಂಗಲ ಕೆರೆ 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ್ದು. ಈಗ ಅದರ ತೂಬಿನಿಂದ ಇಳಿಯುವ ನೀರಿನಲ್ಲಿ ನೊರೆ ಏಳುತ್ತದೆ. ಅಚ್ಚುಕಟ್ಟಿನಲ್ಲಿ ಭತ್ತ ಹಿಂದೆ ಸರಿದು ಸೀಮೆಹುಲ್ಲು, ಬೇಬಿ ಕಾರ್ನ್ ಬಂದಿವೆ, ಬಾವಿಗಳೂ ಕೆಟ್ಟಿವೆ. ಆದರೆ ಮಳೆಯಾಶ್ರಿತ ರಾಗಿ ಸೀಮೆಯಲ್ಲಿ ವರ್ಷವಿಡೀ ಬತ್ತದ ನೀರೆಂದರೆ ಇದೇ. ಹುಲ್ಲು ಹಸುವಿಗೆ, ಹಾಲು ಡೇರಿಗೆ, ಅಲ್ಲಿಂದ ಮತ್ತೆ ನಗರಕ್ಕೆ ಸಾಗುತ್ತದೆ. ರೈತನನ್ನು ಬರೀ ಸಂತ್ರಸ್ತನೆಂದು ಕಾಣುವ ಅಧ್ಯಯನಗಳು ಅವನು ನಡೆಸಿದ ಈ ಹೊಂದಾಣಿಕೆಯ ಬೇಸಾಯವನ್ನು ಗಮನಿಸುವುದಿಲ್ಲ. ಅವನು ಕೇಳುವುದು ಸಂಸ್ಕರಿಸಿದ ನೀರನ್ನು, ನೀರೇ ಬೇಡವೆಂದಲ್ಲ.

ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಇದೇ ನೆಲದಲ್ಲಿ ಈಗ ಬಿಡದಿ ಉಪನಗರಕ್ಕೆ ಭೂಸ್ವಾಧೀನ ನಡೆದಿದೆ, ರೈತರು ವಿರೋಧಿಸುತ್ತಿದ್ದಾರೆ. ಪರಿಹಾರದ ಚರ್ಚೆ ಎಕರೆಯ ದರಕ್ಕೇ ನಿಂತಿದೆ. ದಶಕಗಳ ಕಾಲ ನಗರದ ಕೊಳಚೆಯನ್ನು ತಾಳಿಕೊಂಡದ್ದಕ್ಕೆ ಈ ಹಳ್ಳಿಗಳಿಗೆ ಸಲ್ಲಬೇಕಾದ ಬಾಕಿಯೂ ಅದರಲ್ಲಿ ಸೇರಬೇಕು.