ಕಂದು ಹಾಕುವ ರೋಗದ ಪತ್ತೆ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆ

ಬ್ರುಸೆಲ್ಲೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ತಗಲಿದ ಆಕಳು, ಎಮ್ಮೆ, ಆಡುಗಳು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತವೆ. ಹಸಿ ಹಾಲು ಕುಡಿದವರಿಗೆ, ಬರಿಗೈಯಲ್ಲಿ ಮಾಸು ತೆಗೆದವರಿಗೆ ಅದು ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರವಾಗಿ, ಕೀಲುನೋವಾಗಿ ಕಾಡುತ್ತದೆ. ನೋಡಲು ಗಟ್ಟಿಮುಟ್ಟಾದ ಆಕಳೂ ಹಾಲಿನಲ್ಲಿ ರೋಗಾಣು ಬಿಡಬಲ್ಲದು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ, ಪರೀಕ್ಷೆಯೇ ಬೇಕು.

1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ದನಗಳ ರೋಗಾಣುವನ್ನು ಕಂಡುಹಿಡಿದ. ಆದರೆ ದಾರಿ ತೆರೆದದ್ದು 1905ರಲ್ಲಿ: ಮಾಲ್ಟಾದಲ್ಲೇ ಥೆಮಿಸ್ಟೊಕ್ಲಿಸ್ ಝಮಿತ್ ಆರೋಗ್ಯವಾಗಿ ಕಾಣುವ ಆಡುಗಳ ರಕ್ತ ಪರೀಕ್ಷಿಸಿದಾಗ ಸೋಂಕು ಬಯಲಾಯಿತು. ಮರುವರ್ಷ ಆಡಿನ ಹಾಲು ನಿಲ್ಲಿಸಿದ ಮೇಲೆ ಸೈನಿಕರಲ್ಲಿ ಜ್ವರ ಇಳಿಯಿತು.

ಸೊಲ್ಲಾಪುರ ಖಿಲ್ಲಾರಿ ದನ, ಪಂಢರಪುರಿ ಎಮ್ಮೆ, ಉಸ್ಮಾನಾಬಾದಿ ಆಡುಗಳ ಸೀಮೆ. ಸಂಕ್ರಾಂತಿಯ ಹೊತ್ತಿನ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ದನಗಳ ವ್ಯಾಪಾರ ಹಿಂದಿನಿಂದ ಬಂದದ್ದು. ಅಕ್ಕಲಕೋಟೆಯ ಆಚೆಗೆ ಕರ್ನಾಟಕದ ಆಳಂದ, ಅಫಜಲಪುರ, ಇಂಡಿ. ದನಕ್ಕೆ ರಾಜ್ಯದ ಗಡಿ ತಿಳಿಯದು. ಪರೀಕ್ಷೆಯ ಮಾದರಿಗಳು ಮಾತ್ರ ಗಡಿ ನೋಡಿ ಹೋಗುತ್ತವೆ. ಮಹಾರಾಷ್ಟ್ರದ ಕಡೆಯವಕ್ಕೆ ಪುಣೆಯ ರೋಗ ಅನ್ವೇಷಣಾ ವಿಭಾಗ, ಕರ್ನಾಟಕದವಕ್ಕೆ 1925ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ. ಎರಡೂ ಕಡೆಯ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡದೆ ಈ ಸೀಮೆಯ ಸೋಂಕಿನ ಚಿತ್ರ ಪೂರ್ತಿಯಾಗದು.

ಹಳ್ಳಿಗೆ ಒಗ್ಗುವುದು ರೋಸ್ ಬೆಂಗಾಲ್ ಪರೀಕ್ಷೆ: ಒಂದು ಹನಿ ರಕ್ತರಸಕ್ಕೆ ಗುಲಾಬಿ ಬಣ್ಣದ ರೋಗಾಣು ದ್ರವ ಬೆರೆಸಿದರೆ ನಾಲ್ಕು ನಿಮಿಷದೊಳಗೆ ಗಂಟುಗಟ್ಟುವುದೋ ಇಲ್ಲವೋ ಗೊತ್ತಾಗುತ್ತದೆ; ಗಂಟುಗಟ್ಟಿದರೆ ಸೋಂಕಿನ ಗುರುತು. ಡೈರಿ ಕ್ಯಾನಿಗೆ 1937ರಿಂದ ಹಾಲಿನ ಉಂಗುರ ಪರೀಕ್ಷೆ ಇದೆ. ಸೋಂಕಿದ್ದರೆ ಕೆನೆಯಲ್ಲಿ ನೀಲಿ ಉಂಗುರ ಮೂಡುತ್ತದೆ. ಕೆಚ್ಚಲುಬಾವಿನ ಹಾಲು, ಗಿಣ್ಣುಹಾಲು ಇದನ್ನು ದಾರಿ ತಪ್ಪಿಸುತ್ತವೆ. ಆಡಿನ ಹಾಲಿಗೆ ಇದು ನಂಬಿಕೆಗೆ ತಕ್ಕದ್ದಲ್ಲ. ಸಂದೇಹವಿದ್ದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಬೇಕು. ಬೆಂಗಳೂರಿನ ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಅದರ ಕಿಟ್‌ಗಳನ್ನು ರೂಪಿಸಿದೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಎಸ್-19 ಲಸಿಕೆ ಹಾಕಲಾಗುತ್ತಿದೆ. ವಯಸ್ಸು ಮೀರಿ ಹಾಕಿದರೆ ಲಸಿಕೆಯ ಪ್ರತಿಕಾಯವೇ ಮುಂದೆ ಸೋಂಕಿನಂತೆ ತೋರಬಹುದು. ಆದ್ದರಿಂದ ಕರುವಿನ ಕಿವಿಯೋಲೆ ಮತ್ತು ಲಸಿಕೆಯ ದಾಖಲೆ ಪತ್ತೆಯ ಭಾಗವೇ.

ಈ ಪತ್ತೆಯಲ್ಲಿ ಬೀದಿನಾಯಿಗಳ ಕಡೆ ಗಮನ ಕಡಿಮೆ. ಇದು ದೊಡ್ಡ ಕೊರತೆ. ಹೊಲದಲ್ಲಿ ಬಿಸಾಡಿದ ಕಂದನ್ನು ತಿಂದ ನಾಯಿಗೆ ದನದ ಸೋಂಕೇ ತಗಲಬಹುದು, ಅದು ರೋಸ್ ಬೆಂಗಾಲ್‌ನಲ್ಲಿ ಕಾಣಿಸಿಕೊಳ್ಳಬಲ್ಲದು. 1966ರಲ್ಲಿ ಅಮೆರಿಕದ ಲೀಲಂಡ್ ಕಾರ್ಮೈಕಲ್ ಗುರುತಿಸಿದ ನಾಯಿಗಳದೇ ಪ್ರಭೇದ, ಬ್ರುಸೆಲ್ಲಾ ಕೇನಿಸ್, ಆ ಪರೀಕ್ಷೆಗೆ ಸಿಗುವುದಿಲ್ಲ. ಅದರ ಹೊರಕವಚವೇ ಬೇರೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ನಾಯಿ ಹಿಡಿದಾಗಲೇ ರಕ್ತ ತೆಗೆದು ರೋಸ್ ಬೆಂಗಾಲ್ ಜೊತೆಗೆ ಕೇನಿಸ್ ಪತ್ತೆಗೆ ಬೇಕಾದ ಬೇರೆ ಪರೀಕ್ಷೆಯನ್ನೂ ಮಾಡಬಹುದು.