ಸವೆದುದು ಯಂತ್ರವೋ, ಅದರ ಅಂಗವೋ?

ನಮ್ಮೂರಿನ ಬಸ್ ನಿಲ್ದಾಣದ ಹಿಂದೆ ಒಂದು ಕುಷನ್ ಅಂಗಡಿಯುಂಟು. ಲಾರಿಯ ಸೀಟಿನಿಂದ ಹಿಡಿದು ವಕೀಲರ ಮನೆಯ ಸೋಫಾದವರೆಗೆ, ಜನ ಕುಳಿತು ಕುಳಿತು ಹರಿದುದೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ತಂದೆಯವರ ಕಾಲದ ಒಂದು ಕುರ್ಚಿಗೆ ಹೊಸ ರೆಗ್ಸಿನ್ ಹೊದಿಸಬೇಕೆಂದು ನಾನೂ ಒಂದು ದಿನ ಅಲ್ಲಿಗೆ ಹೋಗಿದ್ದೆ. ಅಂದು ಅಂಗಡಿಯಲ್ಲಿ ಹೊಲಿಗೆ ನಿಂತಿತ್ತು, ವಾದ ನಡೆದಿತ್ತು. ಮೋಟಾರಿನಿಂದ ಓಡುವ ದಪ್ಪ ಹೊಲಿಗೆಯ ಯಂತ್ರ ಮೂರು ಪದರದ ರೆಗ್ಸಿನ್ ಸಿಕ್ಕಿದಲ್ಲಿ ಹೊಲಿಗೆ ತಪ್ಪಿಸುತ್ತಿತ್ತು. ಇದನ್ನು ತೂಕಕ್ಕೆ ಹಾಕಿ ಸಾಲ ಮಾಡಿಯಾದರೂ ಹೊಸದನ್ನು ತರೋಣವೆಂದು ಮಗನ ಹಟ. “ಯಜಮಾನ್ರೆ, ಕೆಟ್ಟಿರೋದು ಮಿಷನ್ನಲ್ಲ, ಅದರ ಕೊಕ್ಕೆ” ಎಂದು ರಿಪೇರಿಯವನ ಮಾತು. ನಡುವೆ ಸಿಕ್ಕಿಕೊಂಡ ಯಜಮಾನರು ನನ್ನತ್ತ ತಿರುಗಿ, “ಮೇಷ್ಟ್ರೇ, ನೀವು ಓದಿದವರು, ನೀವೇ ಹೇಳಿ” ಎಂದುಬಿಟ್ಟರು.

ಹಳಗನ್ನಡದ ಪದ್ಯವಾಗಿದ್ದರೆ ಏನಾದರೂ ಹೇಳಬಹುದಿತ್ತು. ಯಂತ್ರದ ವಿಷಯದಲ್ಲಿ ನನಗೆ ಮಾತು ಹೊರಡಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ತಿರುವಿ ಹಾಕಿದಾಗ ತಿಳಿದದ್ದು ಇಷ್ಟು: ಆ ಅಂಗಡಿಯ ಜಗಳ ಹೊಲಿಗೆಯ ಯಂತ್ರದಷ್ಟೇ ಹಳೆಯದು. ಅಷ್ಟೇ ಅಲ್ಲ, ಆ ಯಂತ್ರದ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಜಗಳದ ಚರಿತ್ರೆಯೇ.

ಮೊದಲ ಯಂತ್ರಗಳಿಗೆ ರಿಪೇರಿಯ ಭಾಗ್ಯವೂ ಇರಲಿಲ್ಲ. ಫ್ರಾನ್ಸಿನ ದರ್ಜಿ ಬಾರ್ತಲೆಮಿ ತಿಮೊನ್ಯೆ 1830ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದು, ಪ್ಯಾರಿಸಿನಲ್ಲಿ ಸೈನಿಕರ ಉಡುಪನ್ನು ಹೊಲಿಯಲು ಎಂಬತ್ತು ಯಂತ್ರಗಳನ್ನು ಹೂಡಿದ. ಅನ್ನಕ್ಕೆ ಕಲ್ಲು ಬಿತ್ತೆಂದು ಹೆದರಿದ ದರ್ಜಿಗಳು ನುಗ್ಗಿ ಅವನ್ನು ಪುಡಿ ಮಾಡಿದರು. ತಿಮೊನ್ಯೆ ಬಡತನದಲ್ಲಿಯೇ 1857ರಲ್ಲಿ ತೀರಿಕೊಂಡ.

ಮುಂದಿನ ಕಥೆ ಅಮೆರಿಕದ್ದು. ತುದಿಯಲ್ಲಿ ಕಣ್ಣಿರುವ ಸೂಜಿ ಒಂದು ದಾರವನ್ನೂ, ಕೆಳಗಿನ ಲಾಳಿ ಇನ್ನೊಂದು ದಾರವನ್ನೂ ತಂದು ಪರಸ್ಪರ ಬಿಗಿಯುವ ಹೊಲಿಗೆಯ ಯಂತ್ರಕ್ಕೆ ಎಲಿಯಾಸ್ ಹೌ ಎಂಬಾತ 1846ರಲ್ಲಿ ಪೇಟೆಂಟ್ ಪಡೆದ. ಉಪಾಯ ಒಳ್ಳೆಯದು, ಯಂತ್ರ ಮಾತ್ರ ಮೊಂಡು. ಅದನ್ನು ತಿದ್ದಲು ಹೊರಟವರಲ್ಲಿ ಲೆರೋ ಮತ್ತು ಬ್ಲಾಜೆಟ್ ಎಂಬಿಬ್ಬರು ಲಾಳಿಯನ್ನು ವೃತ್ತಾಕಾರವಾಗಿ ತಿರುಗಿಸಿದರು. ಪ್ರತಿ ಸುತ್ತಿಗೂ ದಾರದ ಹುರಿ ಕೆಡುತ್ತಿತ್ತು. ಆ ಯಂತ್ರಗಳು ಬಾಸ್ಟನ್ ನಗರದ ಆರ್ಸನ್ ಫೆಲ್ಪ್ಸ್ ಎಂಬಾತನ ಕಾರ್ಖಾನೆಗೆ ಮತ್ತೆ ಮತ್ತೆ ರಿಪೇರಿಗೆ ಬರುತ್ತಿದ್ದುವು. 1850ರಲ್ಲಿ ಅದೇ ಕಾರ್ಖಾನೆಯಲ್ಲಿ, ಮರದ ಅಚ್ಚುಮೊಳೆ ಕೆತ್ತುವ ತನ್ನದೊಂದು ಯಂತ್ರವನ್ನು ಮಾರುವ ಆಸೆಯಿಂದ ಕುಳಿತಿದ್ದವನು ಐಸಾಕ್ ಸಿಂಗರ್. ಮೊದಲು ಅವನು ನಾಟಕದ ನಟ, ಜೊತೆಗೆ ಯಂತ್ರದ ಕೆಲಸವನ್ನೂ ಬಲ್ಲವನು.

ರಿಪೇರಿಗೆ ಬಂದ ಯಂತ್ರವನ್ನು ನೋಡಿದ ಸಿಂಗರ್, ಲಾಳಿ ಸುತ್ತುವ ಬದಲು ನೇರವಾಗಿ ಹಿಂದೆ ಮುಂದೆ ಓಡಲಿ, ಡೊಂಕು ಸೂಜಿಯ ಬದಲು ನೆಟ್ಟಗಿನ ಸೂಜಿ ಮೇಲೆ ಕೆಳಗೆ ಆಡಲಿ ಎಂದ. ಜೊತೆಗಾರ ಜೀಬರ್ ಕೊಟ್ಟ ನಲವತ್ತು ಡಾಲರಿನಿಂದ ಹನ್ನೊಂದು ದಿನಗಳಲ್ಲಿ ಹೊಸ ಯಂತ್ರ ಸಿದ್ಧವಾಯಿತೆಂದು ಪ್ರತೀತಿ. ಮೊದಲ ರಾತ್ರಿ ಅದು ಹೊಲಿಯಲಿಲ್ಲ. ಸೋತು ಮನೆಗೆ ಹೊರಟವರು ದಾರಿಯಲ್ಲಿ ಹಲಗೆಯ ರಾಶಿಯೊಂದರ ಮೇಲೆ ಕುಳಿತರಂತೆ. ಬಟ್ಟೆಯ ಮೇಲ್ಭಾಗದಲ್ಲಿ ದಾರ ಸಡಿಲವಾಗಿ ಕುಣಿಕೆ ಕುಣಿಕೆಯಾಗಿ ನಿಲ್ಲುವುದೇಕೆಂದು ಜೀಬರ್ ಕೇಳಿದಾಗ, ಸೂಜಿಯ ದಾರದ ಬಿಗಿಯನ್ನೇ ಹೊಂದಿಸಿರಲಿಲ್ಲವೆಂಬುದು ಸಿಂಗರನಿಗೆ ಹೊಳೆಯಿತು. ಹಿಂದಿರುಗಿ ತಿರುಪು ಬಿಗಿದು ನೋಡಿದರು. ಯಂತ್ರ ಹೊಲಿಯಿತು! ಲೋಕಪ್ರಸಿದ್ಧವಾದ ಯಂತ್ರವೊಂದು ಹೀಗೆ ಹುಟ್ಟಿದ್ದು ರಿಪೇರಿಯ ಮೇಜಿನ ಮೇಲೆ.

ಅದಕ್ಕೆ ಪೇಟೆಂಟ್ ದೊರೆತದ್ದು 1851ರ ಆಗಸ್ಟ್ 12ರಂದು. ಆಶ್ಚರ್ಯವೆಂದರೆ ಅದೇ ದಿನ ಆಲನ್ ವಿಲ್ಸನ್ ಎಂಬ ಇನ್ನೊಬ್ಬನಿಗೂ ಪೇಟೆಂಟ್ ದೊರೆಯಿತು. ಲಾಳಿಯ ಓಡಾಟವನ್ನೇ ಬಿಟ್ಟು, ಸೂಜಿಯ ದಾರವನ್ನು ಹಿಡಿದು ಬಾಬಿನ್ನಿನ ಸುತ್ತ ಎಳೆದೊಯ್ಯುವ ತಿರುಗುವ ಕೊಕ್ಕೆ ಅವನದು. ನಮ್ಮೂರಿನ ಅಂಗಡಿಯಲ್ಲಿ ಮೊನೆ ಸವೆದು ಕುಳಿತದ್ದು ಆ ಕೊಕ್ಕೆಯ ವಂಶದ್ದೇ.

ರಿಪೇರಿಯಿಂದ ಹುಟ್ಟಿದ ಯಂತ್ರ ಮಾರಾಟಕ್ಕೆ ನಿಂತಾಗ ರಿಪೇರಿಗೆ ವೈರಿಯಾಯಿತು. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ವಕೀಲ, ವ್ಯವಹಾರದಲ್ಲಿ ಚತುರ. ಯಂತ್ರದ ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿದ್ದ ಕಾಲದಲ್ಲಿ ಅವನು ಕಂತಿನ ವ್ಯಾಪಾರವನ್ನು ಆರಂಭಿಸಿದ. ಇದು 1856ರ ಮಾತು. ಅದರೊಡನೆ ಇನ್ನೊಂದು ಉಪಾಯ: ಹಳೆಯ ಯಂತ್ರವನ್ನು ಒಪ್ಪಿಸಿದರೆ ಹೊಸದರ ಬೆಲೆಯಲ್ಲಿ ಐವತ್ತು ಡಾಲರು ವಜಾ. ಹಾಗೆ ಬಂದ ಹಳೆಯ ಯಂತ್ರಗಳನ್ನು ಯಾರಿಗೂ ಮಾರದೆ ಒಡೆದುಹಾಕುತ್ತಿದ್ದರು. ಹಳೆಯದು ಪೇಟೆಯಲ್ಲಿ ಉಳಿದರೆ ಹೊಸದಕ್ಕೆ ಗಿರಾಕಿ ಎಲ್ಲಿ? ತಿಮೊನ್ಯೆಯ ಯಂತ್ರಗಳನ್ನು ಒಡೆದವರು ಹೊಟ್ಟೆಯ ಭಯದ ದರ್ಜಿಗಳು, ಇವನ್ನು ಒಡೆದವರು ಯಂತ್ರವನ್ನು ಮಾರುವವರೇ. ಇಂದಿನ “ಎಕ್ಸ್‌ಚೇಂಜ್” ಬೋರ್ಡುಗಳನ್ನು ನೋಡಿದಾಗ ಆ ಬುದ್ಧಿವಂತ ವಕೀಲನ ನೆನಪಾಗದಿರದು.

ಆದರೆ ಎಲ್ಲ ತಪ್ಪನ್ನೂ ವರ್ತಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂದಿನ ಯಂತ್ರವನ್ನು ರಿಪೇರಿ ಮಾಡುವುದೂ ಸುಲಭವಾಗಿರಲಿಲ್ಲ. ಸಿಂಗರ್ ಕಾರ್ಖಾನೆಯ ಮೊದಲ ಯಂತ್ರಗಳ ಅಂಗಗಳನ್ನು ಕುಶಲ ಕೆಲಸಗಾರರು ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಕೂರಿಸುತ್ತಿದ್ದರು. ಒಂದು ಯಂತ್ರದ ಅಂಗ ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಬಿಡಿ ಅಂಗವನ್ನು ಕೊಂಡು ತಂದರೂ ಅದನ್ನು ಕೂರಿಸಲು ಅರ ಹಿಡಿಯಬಲ್ಲ ಕೈ ಬೇಕಾಗಿತ್ತು. ವಿಲ್ಸನ್ ಪಾಲುಗಾರನಾಗಿದ್ದ ವೀಲರ್ ಅಂಡ್ ವಿಲ್ಸನ್ ಕಂಪೆನಿಯಾದರೋ, ಬಂದೂಕಿನ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿದ್ದ ಅಚ್ಚು ಮತ್ತು ಅಳತೆಗಳ ಪದ್ಧತಿಯನ್ನು ಬ್ರಿಜ್‌ಪೋರ್ಟಿನಲ್ಲಿ 1850ರ ದಶಕದಲ್ಲಿಯೇ ಹಿಡಿದಿತ್ತು. ಸಿಂಗರ್ ಕಂಪೆನಿ ಆ ದಾರಿಗೆ ನಿಧಾನವಾಗಿ ಬಂತು. ವರ್ಷಕ್ಕೆ ಐದು ಲಕ್ಷ ಯಂತ್ರ ಮಾಡಿದ 1880ರಲ್ಲಿಯೂ ಅಲ್ಲಿ ಅರದ ಕೆಲಸ ಪೂರ್ತಿ ನಿಂತಿರಲಿಲ್ಲ. ಅಂಗಕ್ಕೆ ಅಂಗವನ್ನು ಹಾಕಬಹುದೆಂಬ ಈ ಸಣ್ಣ ಸಂಗತಿಯೇ ಊರೂರಿನ ರಿಪೇರಿಯವನನ್ನು ಹುಟ್ಟಿಸಿತು.

ಸಿಂಗರ್ ಕಂಪೆನಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವೀಲರ್ ಅಂಡ್ ವಿಲ್ಸನ್ ಕಂಪೆನಿಯನ್ನು ನುಂಗಿತು. ಬ್ರಿಜ್‌ಪೋರ್ಟಿನಲ್ಲಿ ಮಾಡಿದ ಯಂತ್ರಗಳ ಸಂಖ್ಯೆಯಲ್ಲಿ ‘ಡಬ್ಲ್ಯು’ ಅಕ್ಷರ ಉಳಿದುಕೊಂಡಿತು. ಕುಷನ್ ಕೆಲಸದವರ ನಡುವೆ ಹೆಸರಾದ 111ಡಬ್ಲ್ಯು155 ಎಂಬ ಮಾದರಿ ಅಲ್ಲಿಯದು. ಅದರಲ್ಲಿ ಕೆಳಗಿನ ಹಲ್ಲು, ಮೇಲಿನ ಪಾದ, ಸೂಜಿ ಮೂರೂ ಒಟ್ಟಿಗೆ ಹೆಜ್ಜೆಯಿಟ್ಟು ರೆಗ್ಸಿನ್ನನ್ನು ಮುಂದೆ ಒಯ್ಯುತ್ತವೆ, ಆದ್ದರಿಂದ ದಪ್ಪ ಪದರಗಳು ಒಂದರ ಮೇಲೊಂದು ಜಾರುವುದಿಲ್ಲ. ಜಪಾನಿನ ಕಂಪೆನಿಗಳೂ ಮುಂದೆ ಅದೇ ದಾರಿ ಹಿಡಿದುವು. ಸಿಂಗರ್ ಕಂಪೆನಿಯ ಸ್ಕಾಟ್ಲೆಂಡಿನ ದೊಡ್ಡ ಕಾರ್ಖಾನೆ 1980ರಲ್ಲಿಯೂ, ಅಮೆರಿಕದ ಎಲಿಜಬೆತ್ ಪಟ್ಟಣದ್ದು 1982ರಲ್ಲಿಯೂ ಬಾಗಿಲು ಹಾಕಿದುವು. ಆದರೆ ಆ ಬ್ರಿಜ್‌ಪೋರ್ಟಿನ ಯಂತ್ರಕ್ಕೆ ಬೇಕಾದ 135×17 ಎಂಬ ಅಳತೆಯ ಸೂಜಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ, ಇಂದಿನ ಹೊಸ ಯಂತ್ರಗಳಿಗೂ ಹೊಂದುತ್ತದೆ.

ನಮ್ಮ ದೇಶದಲ್ಲಿ ಈ ಯಂತ್ರಕ್ಕೆ ಗಾಂಧೀಜಿಯ ಆಶೀರ್ವಾದವೂ ದೊರೆಯಿತು. 1924ರಲ್ಲಿ ರಾಮಚಂದ್ರನ್ ಎಂಬ ಯುವಕ ಪ್ರಶ್ನಿಸಿದಾಗ, ಯಂತ್ರದ ಮೇಲಿನ ಹುಚ್ಚನ್ನು ಮಾತ್ರ ತಾವು ವಿರೋಧಿಸುವುದಾಗಿಯೂ, ಸಿಂಗರನ ಯಂತ್ರ ಅದಕ್ಕೆ ಅಪವಾದವೆಂದೂ ಅವರು ಹೇಳಿದರು. ಹೆಂಡತಿಯ ಶ್ರಮವನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. ಚರಿತ್ರೆ ಅಷ್ಟು ಕೋಮಲವಾಗಿಲ್ಲ, ಸಿಂಗರನ ಕಣ್ಣು ಕಾಸಿನ ಮೇಲಿತ್ತು. ಆದರೂ ದುಡಿಯುವವನ ಕೈಗೆ ನೆರವಾಗುವ ಯಂತ್ರವೇ ಬೇರೆ ಎಂಬ ಅವರ ವಿವೇಕಕ್ಕೆ ಇದರಿಂದ ಕುಂದಿಲ್ಲ. 1930ರ ದಶಕದಲ್ಲಿ ಕೋಲ್ಕತದ ಜಯ್ ಎಂಜಿನಿಯರಿಂಗ್ ವರ್ಕ್ಸಿನಿಂದ ‘ಉಷಾ’ ಯಂತ್ರ ಹೊರಬಂತು. ಯಂತ್ರವೂ ಬಿಡಿ ಅಂಗಗಳೂ ತಯಾರಾಗುವ ಊರಾಗಿ ಪಂಜಾಬಿನ ಲೂಧಿಯಾನ ಬೆಳೆಯಿತು. ನಮ್ಮ ರಿಪೇರಿಯವನ ಚೀಲದಲ್ಲಿರುವ ಪೊಟ್ಟಣಗಳ ಮೇಲೆ ಆ ಊರಿನ ಹೆಸರನ್ನು ನಾನೇ ಓದಿದ್ದೇನೆ.

ಇನ್ನು ವಿದ್ಯುತ್ತಿನ ಮಾತು. ಸಿಂಗರ್ ಕಂಪೆನಿ 1889ರಲ್ಲಿ ವಿದ್ಯುತ್ ಯಂತ್ರವನ್ನು ತಂದಿತು. ಕಾರ್ಖಾನೆಯ ಬಗೆಯ ಯಂತ್ರಗಳಿಗೆ ಮುಂದೆ ಬಳಕೆಯಾದದ್ದು ಕ್ಲಚ್ ಮೋಟಾರು. ಸ್ವಿಚ್ ಹಾಕಿದೊಡನೆ ಅದು ತಿರುಗತೊಡಗುತ್ತದೆ. ಹೊಲಿದರೂ ತಿರುಗುತ್ತದೆ, ಹೊಲಿಯದಿದ್ದರೂ ತಿರುಗುತ್ತದೆ. ಪೆಡಲು ಒತ್ತಿದಾಗ ಕ್ಲಚ್ಚು ಕಚ್ಚಿ ಯಂತ್ರ ಓಡುತ್ತದೆ. ಕ್ಲಚ್ಚಿನ ಮೆತ್ತೆ ಸವೆದರೆ ಪೆಡಲು ಒತ್ತಿದರೂ ಶಕ್ತಿ ಯಂತ್ರಕ್ಕೆ ತಲುಪದೆ ಜಾರುತ್ತದೆ. ಈಚೆಗೆ ಬಂದಿರುವ ಸರ್ವೋ ಮೋಟಾರು ಪೆಡಲು ಒತ್ತಿದಾಗಲಷ್ಟೇ ತಿರುಗುತ್ತದೆ, ಸದ್ದೂ ಕಡಿಮೆ, ಕರೆಂಟೂ ಉಳಿತಾಯ. ಮುಖ್ಯ ಸಂಗತಿಯೆಂದರೆ, ಇಂಥ ಯಂತ್ರದಲ್ಲಿ ತಲೆ ಬೇರೆ, ಮೇಜು ಬೇರೆ, ಮೋಟಾರು ಬೇರೆ. ಒಂದನ್ನು ಬದಲಿಸಲು ಉಳಿದೆರಡನ್ನು ಕೆಡಿಸಬೇಕಾಗಿಲ್ಲ.

ಹಾಗಾದರೆ ಯಜಮಾನರ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರವೇನು? ಯಂತ್ರ ಸವೆಯಿತೆಂಬ ಮಾತನ್ನು ಇಡಿಯಾಗಿ ಒಪ್ಪಬಾರದು, ಸವೆದ ಅಂಗ ಯಾವುದೆಂದು ಮೊದಲು ಕೇಳಬೇಕು. ಕೊಕ್ಕೆಯ ಮೊನೆ, ಹಲ್ಲು, ಪಾದ, ಕ್ಲಚ್ಚಿನ ಮೆತ್ತೆ, ಇವು ಸವೆಯಲೆಂದೇ ಇರುವ ಅಂಗಗಳು. ಅವಕ್ಕಾಗಿ ಯಂತ್ರವನ್ನು ಎಸೆಯುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಆದರೆ ಎರಕದ ಮೈಯೇ ಬಿರಿದಿದ್ದರೆ, ಅಥವಾ ಬೇಕಾದ ಅಂಗ ಎಲ್ಲಿಯೂ ಸಿಗದಿದ್ದರೆ, ಹಳೆಯದರ ಮೇಲಣ ಮಮತೆಯೂ ದುಬಾರಿಯೇ. ಮಗನ ಮಾತೂ ಬರಿಯ ಹುಡುಗಾಟವಲ್ಲ. ದಿನದ ಕೂಲಿ ನಿಂತರೆ ಮನೆಯ ಒಲೆ ನಿಲ್ಲುತ್ತದೆಂಬುದನ್ನು ಅವನು ಬಲ್ಲ.

ವಾರ ಬಿಟ್ಟು ಕುರ್ಚಿಯನ್ನು ತರಲು ಹೋದೆ. ನನ್ನ ಉಪದೇಶದ ಅಗತ್ಯ ಅಷ್ಟರಲ್ಲಿ ತೀರಿಹೋಗಿತ್ತು. ಹಳೆಯ ತಲೆಗೆ ಹೊಸ ಕೊಕ್ಕೆ ಬಂದಿತ್ತು, ಮೇಜಿನ ಕೆಳಗೆ ಹೊಸ ಮೋಟಾರು ಕುಳಿತಿತ್ತು. ತಂದೆಯದೂ ನಡೆದಿತ್ತು, ಮಗನದೂ ನಡೆದಿತ್ತು. ಅಂಗಡಿಯಲ್ಲಿ ಎಂದಿನ ಗುಂಯ್ ಎನ್ನುವ ಸದ್ದಿಲ್ಲದ್ದನ್ನು ಕಂಡು, ಕೆಲಸ ನಿಂತಿದೆಯೇ ಎಂದು ಕೇಳಿದೆ. ಯಜಮಾನರು ನಕ್ಕು ಪೆಡಲಿನ ಮೇಲೆ ಕಾಲಿಟ್ಟರು. ಮೂರು ಪದರದ ರೆಗ್ಸಿನ್ನಿನ ಮೇಲೆ ಹೊಲಿಗೆ ಒಂದೂ ತಪ್ಪದೆ ಓಡಿತು.