ನ್ಯಾಯವೇತನದ ಅಳತೆಗೋಲು: ೧೯೬೦ರ ಕೇಂದ್ರ ಸರ್ಕಾರಿ ನೌಕರರ ಮುಷ್ಕರ

ಬೆಲೆಯೇರಿಕೆಯ ಕಾಲದಲ್ಲಿ ಸರ್ಕಾರಿ ನೌಕರನ ನ್ಯಾಯವಾದ ವೇತನವನ್ನು ಯಾವುದರಿಂದ ಅಳೆಯಬೇಕು? ಅವನ ಸಂಸಾರದ ಅಗತ್ಯದಿಂದಲೋ, ಬೊಕ್ಕಸದ ಶಕ್ತಿಯಿಂದಲೋ? ೧೯೬೦ರ ಮುಷ್ಕರದ ಮೂಲದಲ್ಲಿದ್ದುದು ಈ ಪ್ರಶ್ನೆಯೇ.

ಯುದ್ಧಾನಂತರದ ಬೆಲೆಯೇರಿಕೆಯ ನಡುವೆ, ೧೯೪೭ರಲ್ಲಿ ವರದಾಚಾರಿಯಾರ್ ಆಯೋಗವು ಕನಿಷ್ಠ ಮೂಲವೇತನವನ್ನು ೩೦ ರೂಪಾಯಿಗಳೆಂದೂ ತುಟ್ಟಿಭತ್ಯೆಯನ್ನು ೨೫ ರೂಪಾಯಿಗಳೆಂದೂ ಗೊತ್ತುಮಾಡಿತು. ೧೯೫೭ರ ಜುಲೈನಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವಾದರೋ ಅಗತ್ಯವನ್ನೇ ಅಳತೆಗೋಲಾಗಿಸಿತು. ನಾಲ್ವರ ಸಂಸಾರಕ್ಕೆ ಬೇಕಾದ ಆಹಾರ, ವರ್ಷಕ್ಕೆ ೭೨ ಗಜ ಬಟ್ಟೆ, ಮನೆಬಾಡಿಗೆ, ಸೌದೆ, ದೀಪ ಮೊದಲಾದವುಗಳ ವೆಚ್ಚದ ಮೊತ್ತವೇ ಕನಿಷ್ಠ ವೇತನವೆಂದು ಅದು ನಿರ್ಣಯಿಸಿತು. ಆ ಸಮ್ಮೇಳನದಲ್ಲಿ ಸರ್ಕಾರದ ಪ್ರತಿನಿಧಿಗಳೂ ಇದ್ದರು. ಆದರೆ ಅದೇ ವರ್ಷ ನೇಮಕಗೊಂಡ ಜಗನ್ನಾಥದಾಸ್ ಆಯೋಗವು, ಇದು ದೇಶದ ಆರ್ಥಿಕ ಶಕ್ತಿಗೆ ಮೀರಿದುದೆಂದು ಬಗೆದು, ೧೯೫೯ರಲ್ಲಿ ತುಟ್ಟಿಭತ್ಯೆಯೂ ಸೇರಿದಂತೆ ೮೦ ರೂಪಾಯಿಗಳನ್ನು ಮಾತ್ರ ಶಿಫಾರಸು ಮಾಡಿತು.

೧೯೬೦ರ ಜುಲೈ ೧೧ರ ನಡುರಾತ್ರಿಯಿಂದ ರೈಲ್ವೆ, ಅಂಚೆ-ತಂತಿ ಮೊದಲಾದ ಇಲಾಖೆಗಳ ನೌಕರರು ಮುಷ್ಕರ ಹೂಡಿದರು. ಸರ್ಕಾರವು ಸುಗ್ರೀವಾಜ್ಞೆಯ ಬಲದಿಂದ ಅದನ್ನು ನಿಷೇಧಿಸಿತು; ಕೆಲವೇ ದಿನಗಳಲ್ಲಿ ಮುಷ್ಕರವು ಮುಗಿಯಿತು.

ಆದರೂ ೧೯೬೬ರಲ್ಲಿ ನೌಕರರೊಡನೆ ಮಾತುಕತೆಗಾಗಿ ಜಂಟಿ ಸಮಾಲೋಚನಾ ವ್ಯವಸ್ಥೆಯು ಏರ್ಪಟ್ಟಿತು. ೨೦೧೫ರಲ್ಲಿ ಏಳನೆಯ ವೇತನ ಆಯೋಗವು ೧೮,೦೦೦ ರೂಪಾಯಿಗಳ ಕನಿಷ್ಠ ವೇತನವನ್ನು ಲೆಕ್ಕ ಹಾಕಿದ್ದು ೧೯೫೭ರ ಆ ಅಳತೆಗೋಲನ್ನೇ ಆಧರಿಸಿ. ಆದಕಾರಣ ೧೯೬೦ರ ಮುಷ್ಕರವನ್ನು ವಿಫಲವೆಂದಷ್ಟೇ ಬರೆದು ಮುಗಿಸುವುದು ಇತಿಹಾಸಕಾರನಿಗೆ ಸಲ್ಲದು.